ಪ್ಯಾಸಡೀನಾದ ಮುಯ್ಯಾಳುಗಳು

ಪ್ಯಾಸಡೀನಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಹೊಸವರ್ಷದ ದಿನ ಅಲ್ಲಿನ ಬೀದಿಗಳಲ್ಲಿ ಸಾಗುವ ಹೂವಿನ ತೇರುಗಳ ಮೆರವಣಿಗೆ. ಆ ಸಂಭ್ರಮ ಅಡಗಿ ಎರಡು ತಿಂಗಳಾಗುವಷ್ಟರಲ್ಲಿ, ಮಾರ್ಚ್ ತಿಂಗಳಲ್ಲಿ, ಅದೇ ಊರಿನ ಸಮ್ಮೇಳನ ಭವನದಲ್ಲಿ ನಾಲ್ಕು ದಿನಗಳ ಇನ್ನೊಂದು ಜಾತ್ರೆ ನೆರೆಯುತ್ತದೆ. ಇದಕ್ಕೆ ತೇರಿಲ್ಲ, ವಾದ್ಯವಿಲ್ಲ. ಬೆನ್ನಿಗೆ ಚೀಲ ಏರಿಸಿಕೊಂಡು, ಚೀಟಿಗಳನ್ನು ಅಂಟಿಸಿ ಅಂಟಿಸಿ ಮೂಲ ಬಣ್ಣವೇ ಕಾಣದಂತಾದ ಮಡಿಲ ಗಣಕವನ್ನು ಕಂಕುಳಲ್ಲಿ ಹಿಡಿದು ಬರುವ ಜನ ಗುರುವಾರ ಬೆಳಿಗ್ಗೆ ಒಳಹೊಕ್ಕರೆ ಭಾನುವಾರ ಸಂಜೆಯವರೆಗೆ ಹೊರಬರುವುದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ. ಸದರ್ನ್ ಕ್ಯಾಲಿಫೋರ್ನಿಯಾ ಲಿನಕ್ಸ್ ಎಕ್ಸ್‌ಪೋ ಎಂಬುದು ಇದರ ಪೂರ್ಣ ಹೆಸರು, ಬಳಕೆಯಲ್ಲಿ 'ಸ್ಕೇಲ್'. ಮುಕ್ತ ತಂತ್ರಾಂಶವನ್ನು ಕುರಿತು ಉತ್ತರ ಅಮೆರಿಕದಲ್ಲಿ ಸಮುದಾಯದವರೇ ನಡೆಸುವ ಸಮ್ಮೇಳನಗಳಲ್ಲಿ ಇದೇ ಅತಿ ದೊಡ್ಡದೆಂದು ಅದನ್ನು ನಡೆಸುವವರು ಹೇಳಿಕೊಳ್ಳುತ್ತಾರೆ. ದೊಡ್ಡದೋ ಚಿಕ್ಕದೋ, ನಮ್ಮಂತೆ ಸ್ವಯಂಸೇವಕರನ್ನು ನಂಬಿ ಸಮ್ಮೇಳನ ನಡೆಸುವವರು ಒಮ್ಮೆ ನೋಡಿಬರಬೇಕಾದ ಸ್ಥಳವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಈ ಸಂಚಿಕೆಯನ್ನು ಓದುವವರೆಲ್ಲರೂ ಗಣಕದ ವೃತ್ತಿಯವರಲ್ಲ. ವೈದ್ಯರಿದ್ದಾರೆ, ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದಿರುವ ತಂದೆತಾಯಂದಿರಿದ್ದಾರೆ. ಅವರಿಗಾಗಿ ಎರಡು ಮಾತು. ಮಂಡ್ಯ, ಹಾಸನ, ತುಮಕೂರು ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ 'ಮುಯ್ಯಾಳು' ಎಂಬುದು ಹೊಸ ಮಾತಲ್ಲ. ನಾಟಿಯ ಕಾಲದಲ್ಲಿ ಇಂದು ನಮ್ಮ ಗದ್ದೆಗೆ ನಿಮ್ಮ ಮನೆಯವರು, ನಾಳೆ ನಿಮ್ಮ ಗದ್ದೆಗೆ ನಮ್ಮ ಮನೆಯವರು. ಕೂಲಿಯ ಲೆಕ್ಕವಿಲ್ಲ, ಆದರೆ ಲೆಕ್ಕವೇ ಇಲ್ಲವೆಂದೂ ಅಲ್ಲ. ಮುಯ್ಯಿ ತೀರಿಸದವನನ್ನು ಊರು ಮರೆಯುವುದಿಲ್ಲ. ಮುಕ್ತ ತಂತ್ರಾಂಶವೂ ಬಹುಮಟ್ಟಿಗೆ ಇಂಥದೇ ಏರ್ಪಾಡು. ಒಬ್ಬನು ಬರೆದ ತಂತ್ರಾಂಶದ ಮೂಲಸಂಕೇತವನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ 'ಗ್ನು' ಯೋಜನೆಯನ್ನು ಸಾರಿದಾಗ ಇದೊಂದು ಹಟಮಾರಿಯ ಕನಸಿನಂತೆ ತೋರಿತ್ತು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆದು ಹಂಚಿದ ಲಿನಕ್ಸ್ ತಿರುಳು ಇಂದು ನಮ್ಮ ಆಂಡ್ರಾಯ್ಡ್ ದೂರವಾಣಿಗಳ ಒಡಲಲ್ಲಿದೆ. ಒಂದು ವ್ಯತ್ಯಾಸವನ್ನು ಹೇಳಲೇಬೇಕು: ಇಲ್ಲಿ ಮುಯ್ಯಿಯನ್ನು ತೀರಿಸುವುದು ಕೊಟ್ಟವನಿಗಲ್ಲ, ಮುಂದೆ ಬರುವವನಿಗೆ.

ನಮ್ಮ ಪರಂಪರೆಗೆ ಇದು ಅಪರಿಚಿತವೂ ಅಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಓಲೆಗರಿಯ ಪ್ರತಿಗಳನ್ನು ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ: ಪ್ರತಿ ಮಾಡಿದವನು ಕೊನೆಯ ಗರಿಯಲ್ಲಿ, ತಪ್ಪುಗಳಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ಬಿನ್ನಹ ಮಾಡಿಕೊಂಡಿರುತ್ತಾನೆ. ಆ ಬಿನ್ನಹಕ್ಕೇ ಒಂದು ಕಚೇರಿ, ಒಂದು ಕ್ರಮಸಂಖ್ಯೆ, ಒಂದು ಉತ್ತರದ ವ್ಯವಸ್ಥೆ ಮಾಡಿದರೆ ಅದೇ ಇಂದಿನ ಮುಕ್ತ ತಂತ್ರಾಂಶ ಯೋಜನೆಯ ದೋಷವರದಿ.

ಸ್ಕೇಲ್ ಹುಟ್ಟಿದ್ದು ವಿದ್ಯಾರ್ಥಿಗಳ ಮತ್ತು ಹವ್ಯಾಸಿಗಳ ಕೈಯಲ್ಲಿ. ಲಾಸ್ ಏಂಜಲಿಸ್ ಸುತ್ತಿನ ವಿಶ್ವವಿದ್ಯಾಲಯಗಳ ಲಿನಕ್ಸ್ ಬಳಕೆದಾರರ ಕೂಟಗಳು ಒಟ್ಟುಗೂಡಿ ೨೦೦೨ರಲ್ಲಿ ಮೊದಲ ಸಮ್ಮೇಳನವನ್ನು ನಡೆಸಿದವು. ಬಳಿಕ ಅದು ವಿಮಾನ ನಿಲ್ದಾಣದ ಬಳಿಯ ಹೋಟೆಲುಗಳಿಗೆ ಹೋಯಿತು. ಅಲ್ಲಿಯೂ ಜಾಗ ಸಾಲದೆ ೨೦೧೬ರಲ್ಲಿ ಪ್ಯಾಸಡೀನಾಕ್ಕೆ ಬಂದಿತು. ಮೊದಲಿನಿಂದ ಇಂದಿನವರೆಗೂ ನಡೆಸುವವರು ಸ್ವಯಂಸೇವಕರೇ.

ಒಳಗೆ ಕಾಲಿಟ್ಟವನಿಗೆ ಮೊದಲು ಕಂಗೆಡಿಸುವುದು ಭಾಷಣಗಳ ಸಂಖ್ಯೆ. ಒಂದೇ ಗಳಿಗೆಯಲ್ಲಿ ಹಲವು ಕೊಠಡಿಗಳಲ್ಲಿ ಹಲವು ವಿಷಯಗಳು: ಒಂದು ಕಡೆ ದತ್ತಸಂಚಯ, ಇನ್ನೊಂದು ಕಡೆ ಭದ್ರತೆ, ಮತ್ತೊಂದು ಕಡೆ ಶಾಲೆಗಳಲ್ಲಿ ಮುಕ್ತ ತಂತ್ರಾಂಶದ ಬಳಕೆ. ನಾನು ಮೊದಲ ಸಲ ಹೋದಾಗ ಕಾರ್ಯಕ್ರಮ ಪಟ್ಟಿಯಲ್ಲಿ ಶ್ರದ್ಧೆಯಿಂದ ಗುರುತು ಹಾಕಿಕೊಂಡ ಭಾಷಣಗಳಲ್ಲಿ ಅರ್ಧದಷ್ಟನ್ನೂ ಕೇಳಲಾಗಲಿಲ್ಲ. ಕಾರಣ ಜಗಲಿ. ಎರಡು ಭಾಷಣಗಳ ನಡುವೆ ಕಾಫಿ ಹಿಡಿದು ನಿಂತವರ ಗುಂಪಿಗೆ ಸೇರಿಕೊಂಡರೆ, ಯಾವ ತಂತ್ರಾಂಶದ ತಪ್ಪಿನಿಂದ ನೀವು ವರ್ಷಗಟ್ಟಲೆ ಪರದಾಡಿದ್ದೀರೋ ಅದನ್ನು ಬರೆದವನೇ ಎದುರಿಗೆ ನಿಂತಿರುತ್ತಾನೆ. ಇದಕ್ಕೆ ಇಂಥ ಸಮ್ಮೇಳನಗಳಲ್ಲೆಲ್ಲ 'ಹಾಲ್‌ವೇ ಟ್ರ್ಯಾಕ್' ಎಂಬ ಹೆಸರೇ ಇದೆ. ಜಗಲಿ ಗೋಷ್ಠಿ ಎನ್ನೋಣ. ಭಾಷಣಗಳನ್ನು ಹೇಗೂ ಮುದ್ರಿಸಿ ಎಲ್ಲರಿಗೂ ಉಚಿತವಾಗಿ ಒದಗಿಸುತ್ತಾರೆ. ಮನೆಗೆ ಬಂದು ನೋಡಬಹುದು. ಜಗಲಿಯ ಮಾತನ್ನು ಯಾರೂ ಮುದ್ರಿಸುವುದಿಲ್ಲ.

ಶುಕ್ರವಾರದ ಸಂಜೆ 'ಅಪ್‌ಸ್ಕೇಲ್' ಎಂಬ ಕಿರುಭಾಷಣಗಳ ಕಾರ್ಯಕ್ರಮ. ಒಬ್ಬರಿಗೆ ಐದೇ ನಿಮಿಷ. ಚಿತ್ರಪಟಗಳು ತಾವಾಗಿಯೇ ಸರಿಯುತ್ತಿರುತ್ತವೆ. ಭಾಷಣಕಾರ ತಡವರಿಸಿದರೂ ಅವು ಕಾಯುವುದಿಲ್ಲ. ನಮ್ಮ ವೇದಿಕೆಗಳ ಸ್ವಾಗತ ಭಾಷಣಕ್ಕೂ ವಂದನಾರ್ಪಣೆಗೂ ಈ ಯಂತ್ರವನ್ನು ಅಳವಡಿಸಬಾರದೇಕೆ ಎಂದು ಅಲ್ಲಿ ಕುಳಿತಾಗ ಅನಿಸಿದ್ದುಂಟು. ಸಂಜೆಗಳಲ್ಲಿ ಸಮಾನಾಸಕ್ತರ ಕೂಟಗಳೂ ನಡೆಯುತ್ತವೆ: ಯಾರು ಬೇಕಾದರೂ ವಿಷಯವೊಂದನ್ನು ಸೂಚಿಸಿ ಒಂದು ಕೊಠಡಿಯನ್ನು ಹಿಡಿಯಬಹುದು, ಇಬ್ಬರು ಬಂದರೂ ಕೂಟವೇ. ಪರಸ್ಪರರ ಗುರುತಿನ ಚೀಟಿಯನ್ನು ಪರೀಕ್ಷಿಸಿ ಒಬ್ಬರ ಗೂಢಲಿಪಿಯ ಕೀಲಿಗೆ ಇನ್ನೊಬ್ಬರು ಸಾಕ್ಷಿ ಹಾಕುವ ಕೂಟವೊಂದುಂಟು. ಸಾಲಾಗಿ ನಿಂತು ಒಬ್ಬೊಬ್ಬರ ಪಾಸ್‌ಪೋರ್ಟನ್ನು ಗಂಭೀರವಾಗಿ ನೋಡುವ ಆ ದೃಶ್ಯ ಮದುವೆಯ ಮನೆಯಲ್ಲಿ ಗೋತ್ರ ಪ್ರವರ ವಿಚಾರಿಸುವುದನ್ನು ನೆನಪಿಸುತ್ತದೆ. ಶನಿವಾರದ ರಾತ್ರಿ ಆಟಗಳಿಗೆ ಮೀಸಲು. ಮಕ್ಕಳಿಗೆ ಪ್ರತ್ಯೇಕ ವಿಭಾಗವಿದೆ, ಅಲ್ಲಿ ಮಕ್ಕಳೇ ಭಾಷಣಕಾರರು. ತಾನು ಬರೆದ ಆಟವನ್ನೋ ಜೋಡಿಸಿದ ಯಂತ್ರವನ್ನೋ ಶಾಲೆಯ ಹುಡುಗಿಯೊಬ್ಬಳು ದೊಡ್ಡವರಿಗೆ ವಿವರಿಸುವುದನ್ನು ನೋಡಿದರೆ, ನಾವು ನಮ್ಮ ಮಕ್ಕಳನ್ನು ವೇದಿಕೆಗೆ ಹತ್ತಿಸುವುದು ಕಂಠಪಾಠ ಒಪ್ಪಿಸಲು ಮಾತ್ರವೇ ಎಂಬ ಪ್ರಶ್ನೆ ಏಳದಿರದು.

ಪ್ರದರ್ಶನಾಂಗಣದಲ್ಲಿ ದೊಡ್ಡ ಕಂಪನಿಗಳ ಮಳಿಗೆಗಳ ಜೊತೆಯಲ್ಲಿಯೇ ಲಾಭದ ಗೊಡವೆಯಿಲ್ಲದ ಯೋಜನೆಗಳ ಪುಟ್ಟ ಮೇಜುಗಳೂ ಇರುತ್ತವೆ. ನನ್ನ ಕಾಲು ನಿಲ್ಲುವುದು ಎರಡನೆಯ ಬಗೆಯವುಗಳ ಮುಂದೆ. ಮೇಜಿನ ಹಿಂದಿರುವವನು ಏನನ್ನೂ ಮಾರುವುದಿಲ್ಲ. "ನೀವು ಇದನ್ನು ಬಳಸುತ್ತೀರಾ? ಏನು ತೊಂದರೆ ಕಂಡಿರಿ?" ಎಂದು ಕೇಳುತ್ತಾನೆ. ತೊಂದರೆ ಹೇಳಿದರೆ ಮುಖ ಸಿಂಡರಿಸುವುದಿಲ್ಲ, ಕುರ್ಚಿ ಎಳೆದು ಕೂರಿಸುತ್ತಾನೆ. ಅರ್ಧ ಗಂಟೆಯಲ್ಲಿ ದೂರು ಹೇಳಲು ಬಂದವನ ಕೈಯಲ್ಲೇ ಆ ದೂರನ್ನು ಸರಿಪಡಿಸುವ ಮೊದಲ ಸಾಲನ್ನು ಬರೆಸಿರುತ್ತಾನೆ. ಈ ಸಮ್ಮೇಳನದ ಜೀವಾಳ ಇರುವುದು ಇಲ್ಲಿ ಎಂದು ನನ್ನ ಎಣಿಕೆ.

ಕಣ್ಣಿಗೆ ಬೀಳದ ಕೆಲಸವೊಂದನ್ನು ಹೇಳಬೇಕು. ಸಾವಿರಾರು ಮಂದಿ ಒಂದೇ ಸೂರಿನಡಿಯಲ್ಲಿ, ಪ್ರತಿಯೊಬ್ಬರ ಬಳಿ ಎರಡು ಮೂರು ಸಾಧನಗಳು. ಇಷ್ಟು ಮಂದಿಗೆ ಅಂತರಜಾಲ ಒದಗಿಸುವ ಜಾಲಬಂಧವನ್ನು ಸ್ಕೇಲ್‌ನ ಸ್ವಯಂಸೇವಕರೇ ಕಟ್ಟುತ್ತಾರೆ. ನಿಸ್ತಂತು ಪೆಟ್ಟಿಗೆಗಳಿಗೆ 'ಓಪನ್‌ಡಬ್ಲ್ಯುಆರ್‌ಟಿ' ಎಂಬ ಮುಕ್ತ ತಂತ್ರಾಂಶವನ್ನು ತಾವೇ ತುಂಬುತ್ತಾರೆ. ಇಡೀ ಜಾಲಬಂಧದ ವಿನ್ಯಾಸದ ಸಂಕೇತಗಳನ್ನು ಯಾರು ಬೇಕಾದರೂ ನೋಡಿ ನಕಲು ಮಾಡಿಕೊಳ್ಳುವಂತೆ ಬಹಿರಂಗವಾಗಿ ಇಟ್ಟಿದ್ದಾರೆ. ಅಡಿಗೆ ಬಡಿಸಿದ ಮೇಲೆ ಅಡಿಗೆಯ ವಿಧಾನವನ್ನೂ ಬಾಗಿಲಿಗೆ ಅಂಟಿಸಿ ಹೋದಂತೆ.

೨೦೨೩ರ ಮಾರ್ಚ್ ತಿಂಗಳ ಸಮಾರೋಪ ಭಾಷಣವನ್ನು ಮಾಡಿದವರು ಕೆನ್ ಥಾಂಪ್ಸನ್. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅಡಿಪಾಯ ಹಾಕಿದವರು. ಲಿನಕ್ಸ್ ಅದರ ಮಾದರಿಯಲ್ಲಿಯೇ ಹುಟ್ಟಿದ್ದು. ಆಗ ಅವರಿಗೆ ಎಂಬತ್ತು ವರ್ಷ. ಸಭೆ ಯೂನಿಕ್ಸ್ ಕಥೆಯನ್ನು ನಿರೀಕ್ಷಿಸಿದ್ದರೆ, ಅವರು ಮಾತನಾಡಿದ್ದು ತಾವು ಬಾಲ್ಯದಿಂದ ಕೂಡಿಸುತ್ತ ಬಂದ ಹಾಡುಗಳ ಸಂಗ್ರಹವನ್ನೂ ಅದನ್ನು ನುಡಿಸಲು ತಾವು ಸಜ್ಜುಗೊಳಿಸಿದ ಯಂತ್ರಗಳನ್ನೂ ಕುರಿತು. ಕೊನೆಯಲ್ಲಿ ಸಭಿಕರೊಬ್ಬರು, ಈಗ ತಾವು ಯಾವ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುತ್ತೀರೆಂದು ಕೇಳಿದರು. ಬಹುಕಾಲ ಆ್ಯಪಲ್ ಕಂಪನಿಯದನ್ನೇ ಬಳಸುತ್ತಿದ್ದು, ಈಚೆಗೆ ಅದರ ಬಗ್ಗೆ ಬೇಸರ ಬಂದು, ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಗಣಕದ ಲಿನಕ್ಸ್‌ಗೆ ಹೊರಳಿರುವುದಾಗಿ ಅವರು ಹೇಳಿದಾಗ ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಎರಡು ವರ್ಷಗಳ ನಂತರ, ೨೦೨೫ರಲ್ಲಿ, ಅದೇ ವೇದಿಕೆಗೆ ಬಂದವರು ಲೆಸ್ಲಿ ಲ್ಯಾಂಪೋರ್ಟ್. ನಮ್ಮಲ್ಲಿ ಎಷ್ಟೋ ಮಂದಿ ಡಾಕ್ಟರೇಟ್ ಪ್ರಬಂಧವನ್ನು ಅಚ್ಚುಕಟ್ಟಾಗಿ ಜೋಡಿಸಿದ್ದು ಅವರ 'ಲೇಟೆಕ್' ತಂತ್ರಾಂಶದ ನೆರವಿನಿಂದ. ಸಂಕೇತ ಬರೆಯುವುದೇ ಪ್ರೋಗ್ರಾಮಿಂಗ್ ಅಲ್ಲ, ಬರೆಯುವ ಮೊದಲು ಏನು ಮಾಡಬೇಕಾಗಿದೆಯೆಂದು ಯೋಚಿಸುವುದು ಅದರ ಮುಖ್ಯ ಭಾಗ ಎಂಬುದು ಅವರ ವಾದ.

ಆ ೨೦೨೫ರ ಸಮ್ಮೇಳನಕ್ಕೆ ಇನ್ನೊಂದು ಹಿನ್ನೆಲೆಯಿತ್ತು. ಜನವರಿಯಲ್ಲಿ ಈಟನ್ ಕಾಳ್ಗಿಚ್ಚು ಪಕ್ಕದ ಆಲ್ಟಡೀನಾವನ್ನು ಸುಟ್ಟಾಗ ಮನೆ ಬಿಟ್ಟು ಓಡಿಬಂದವರಿಗೆ ಆಶ್ರಯವಾದದ್ದು ಇದೇ ಭವನ. ಮಂಚಗಳ ಸಾಲಿದ್ದ ಕಟ್ಟಡದಲ್ಲಿ ಎರಡೇ ತಿಂಗಳಿಗೆ ಮೇಜುಗಳ ಸಾಲು. ಅದಕ್ಕೂ ಐದು ವರ್ಷ ಹಿಂದೆ, ೨೦೨೦ರ ಮಾರ್ಚ್ ೫ರಿಂದ ೮ರವರೆಗೆ, ಕೋವಿಡ್ ಬಾಗಿಲಿಗೆ ಬಂದು ನಿಂತಿದ್ದಾಗ ಸ್ಕೇಲ್ ನಡೆದೇಹೋಯಿತು. ಮುಂದಿನ ವಾರವಾಗಿದ್ದರೆ ನಡೆಯುತ್ತಿರಲಿಲ್ಲ. ೨೦೨೧ರಲ್ಲಿ ಜನ ಸೇರಲೇ ಇಲ್ಲ. ೨೦೨೨ರ ಜುಲೈಯಲ್ಲಿ ಮತ್ತೆ ವಿಮಾನ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕೂಡಿದರು.

ಇಷ್ಟೆಲ್ಲ ಹೇಳಿ, ಎಲ್ಲವೂ ಪ್ರೀತಿಯಿಂದ ನಡೆಯುತ್ತದೆಂಬ ಭ್ರಮೆಯನ್ನು ಹುಟ್ಟಿಸಬಾರದು. ಲಿನಕ್ಸ್ ತಿರುಳನ್ನು ಇಂದು ಬರೆಯುವವರಲ್ಲಿ ಬಹುಮಂದಿ ಕಂಪನಿಗಳಿಂದ ಸಂಬಳ ಪಡೆಯುವವರು. ಅದರಲ್ಲಿ ತಪ್ಪೇನೂ ಇಲ್ಲ. ಕಷ್ಟವಿರುವುದು, ಎಲ್ಲರೂ ಬಳಸುವ ಆದರೆ ಯಾರೂ ಗಮನಿಸದ ಸಣ್ಣ ಸಣ್ಣ ತಂತ್ರಾಂಶಗಳಲ್ಲಿ. ೨೦೨೪ರ ಮಾರ್ಚ್‌ನಲ್ಲಿ 'ಎಕ್ಸ್‌ಜೆಡ್' ಎಂಬ, ಕಡತಗಳನ್ನು ಅಡಕಗೊಳಿಸುವ ತಂತ್ರಾಂಶದೊಳಗೆ ಗುಪ್ತದ್ವಾರವೊಂದು ಪತ್ತೆಯಾಯಿತು. ಅದನ್ನು ಬಹುಕಾಲ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು; ದಣಿದಿದ್ದ ಅವರಿಗೆ ನೆರವಾಗುವ ನೆಪದಲ್ಲಿ ಎರಡು ವರ್ಷಕ್ಕೂ ಮೀರಿ ವಿಶ್ವಾಸ ಗಳಿಸಿದ ಅಜ್ಞಾತ ವ್ಯಕ್ತಿಯೊಬ್ಬ ಆ ದ್ವಾರವನ್ನು ಕೊರೆದಿದ್ದ. ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು. ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾದದ್ದೇಕೆಂದು ಅವರು ಕೆದಕಿದ್ದರಿಂದ ಬಹುದೊಡ್ಡ ಅನಾಹುತ ತಪ್ಪಿತು. ಮುಯ್ಯಿಗೆ ಯಾರೂ ಬಾರದೆ ಒಬ್ಬನೇ ನಾಟಿ ಮಾಡುವ ಗದ್ದೆಯ ಪಾಡು ಇದು.

ಕನ್ನಡದ ಮಾತಿಗೆ ಬರುವುದು ಇಲ್ಲಿಂದಲೇ. ನಮ್ಮ ಅಕ್ಷರಗಳು ಗಣಕದಲ್ಲಿ ಮೂಡುವುದು ಯಾರ ಶ್ರಮದಿಂದ? ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಸ್ಥಾನ ದೊರೆತ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. 'ಸೂರ್ಯ' ಎಂದು ಬರೆಯುವಾಗ ರಕಾರವು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರುತ್ತದೆ. 'ರ‍್ಯಾಂಕ್' ಎಂದು ಬರೆಯುವಾಗ ರಕಾರ ತನ್ನ ಪೂರ್ಣರೂಪದಲ್ಲಿ ನಿಂತು ಯಕಾರ ಒತ್ತಾಗಿ ಕೆಳಗಿಳಿಯಬೇಕು. ಎರಡರಲ್ಲಿಯೂ ಉಚ್ಚಾರದ ಕ್ರಮ ಒಂದೇ, ಗಣಕದ ಸ್ಮೃತಿಯೊಳಗಿನ ಅಕ್ಷರಗಳೂ ಅವೇ. ಎರಡನೆಯದರಲ್ಲಿ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಡಬೇಕು, ಅದನ್ನು ಕಂಡಾಗ ಹೇಗೆ ನಡೆದುಕೊಳ್ಳಬೇಕೆಂಬುದು ತಂತ್ರಾಂಶಕ್ಕೆ ತಿಳಿದಿರಬೇಕು. ತಿಳಿಯದಿದ್ದರೆ ಪರೀಕ್ಷೆಯ ಫಲಿತಾಂಶದ ದಿನ ರ‍್ಯಾಂಕ್ ಪಡೆದ ಹುಡುಗನ ಪಕ್ಕದಲ್ಲಿ ಆ ಪದವೇ ಮುರಿದು ಬಿದ್ದಿರುತ್ತದೆ.

ಈ ಜೋಡಣೆಯ ಕೆಲಸವನ್ನು ಇಂದು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವೆಲ್ಲವುಗಳಲ್ಲಿ ಮಾಡುವುದು 'ಹಾರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶ. ಆ ಹೆಸರಿಗೆ ಪಾರಸಿಯಲ್ಲಿ 'ತೆರೆದ ಅಕ್ಷರ' ಎಂದರ್ಥ. ಅದನ್ನು ಮುನ್ನಡೆಸಿದವರು ಇರಾನಿ ಮೂಲದ ಬೆಹ್ದಾದ್ ಇಸ್ಫಹಬೋದ್. ಭಾರತೀಯ ಲಿಪಿಗಳನ್ನು ಸರಿಪಡಿಸುವಾಗ ಅವರು ಆಯಾ ಭಾಷೆಯ ವಿಕಿಪೀಡಿಯದಿಂದ ಪದಗಳನ್ನು ಎತ್ತಿಕೊಂಡು, ಅವು ಮೈಕ್ರೋಸಾಫ್ಟ್ ತಂತ್ರಾಂಶದಲ್ಲಿ ಮೂಡುವ ಬಗೆಗೂ ತಮ್ಮದರಲ್ಲಿ ಮೂಡುವ ಬಗೆಗೂ ವ್ಯತ್ಯಾಸವಿದೆಯೇ ಎಂದು ಹೋಲಿಸಿ ನೋಡಿದರು. ಕನ್ನಡದ್ದೇ ಒಂಬತ್ತು ಲಕ್ಷಕ್ಕೂ ಮೀರಿದ ಮಾದರಿಗಳಿದ್ದವು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ರಾತ್ರಿ ನಿದ್ದೆಗೆಟ್ಟು ತಮ್ಮೂರಿನ ಗುಡಿಯ ಬಗ್ಗೆಯೋ ಮೆಚ್ಚಿನ ಕವಿಯ ಬಗ್ಗೆಯೋ ಬರೆದವರಿಗೆ, ತಮ್ಮ ಪದಗಳು ಹೀಗೆ ಅಕ್ಷರಗಳ ಒರೆಗಲ್ಲಾದಾವೆಂದು ಹೊಳೆದಿರಲಾರದು. ಕನ್ನಡಿಗರ ಬರಹ ನೆರವಿಗೆ ಬಂದಿತು. ತಿದ್ದಿದ ಕೈ ಮಾತ್ರ ಕನ್ನಡಿಗರದಲ್ಲ.

ನಮ್ಮವರು ಮಾಡಿಲ್ಲವೆಂದಲ್ಲ. ಕೆ. ಪಿ. ರಾಯರು ಸೇಡಿಯಾಪು ತಂತ್ರಾಂಶವನ್ನು ರಚಿಸಿ ಹಣ ಕೇಳದೆ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸವೇ ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ತಳಹದಿಯಾಯಿತು. ಶೇಷಾದ್ರಿವಾಸು ಅವರು ಅಮೆರಿಕದಲ್ಲಿದ್ದುಕೊಂಡು ೧೯೯೮ರಲ್ಲಿ ಹೊರತಂದ 'ಬರಹ' ಇಲ್ಲದೆ ಹೋಗಿದ್ದರೆ ಹೊರನಾಡಿನ ಕನ್ನಡಕೂಟಗಳ ಎಷ್ಟೋ ಸಂಚಿಕೆಗಳು ಹೊರಬರುತ್ತಿರಲಿಲ್ಲ. 'ಗುಬ್ಬಿ', 'ನವಿಲು' ಎಂಬ ಮುದ್ದಾದ ಹೆಸರಿನ ಮುಕ್ತ ಅಕ್ಷರಶೈಲಿಗಳು ಡೆಬಿಯನ್ ಲಿನಕ್ಸ್‌ನಲ್ಲಿವೆ. ಬೆಂಗಳೂರಿನಲ್ಲಿ ೨೦೦೧ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಮೊದಲಾಗಿ, ೨೦೦೫ರಿಂದ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ ೨೦೧೨ರವರೆಗೆ ನಡೆದ ಸಮ್ಮೇಳನ ಒಂದು ಕಾಲಕ್ಕೆ ಏಷ್ಯಾದಲ್ಲೇ ಹೆಸರಾಗಿತ್ತು. ಅದರ ಮುಂದಾಳು ದಿವಂಗತ ಅತುಲ್ ಚಿಟ್ನಿಸ್ ಅವರಿಗೆ ಒಂದು ಕೊರಗಿತ್ತು: ಭಾರತೀಯರು ಬಂದು ಕೇಳಿಸಿಕೊಂಡು ಹೋಗುತ್ತಾರೆ, ಕೊಡುವುದು ಕಡಿಮೆ. ಆದ್ದರಿಂದ ಕೊನೆಯ ವರ್ಷಗಳಲ್ಲಿ ಭಾಷಣಗಳಿಗಿಂತ, ಕುಳಿತು ಸಂಕೇತ ಬರೆಯುವ ಕಮ್ಮಟಗಳಿಗೆ ಒತ್ತು ಬಿದ್ದಿತು.

ಸಂಕೇತ ಬರೆಯಬಲ್ಲವರಿಗಷ್ಟೇ ಇಲ್ಲಿ ಕೆಲಸವೆಂದು ತಿಳಿಯಬಾರದು. ತಂತ್ರಾಂಶದಲ್ಲಿ ತೋರುವ ಆಂಗ್ಲ ಪದಗಳಿಗೆಲ್ಲ ಕನ್ನಡ ಬೇಕು. ಮಾಡಿದ ಕೆಲಸವನ್ನು ಕಾಯ್ದಿಡುವ ಗುಂಡಿಗೆ 'ಉಳಿಸು' ಎಂದೂ ತೆಗೆದುಹಾಕುವ ಗುಂಡಿಗೆ 'ಅಳಿಸು' ಎಂದೂ ಬರೆದರೆ ಎರಡೂ ಅಚ್ಚಗನ್ನಡವೇ ಸರಿ. ಆದರೆ ಒಂದೇ ಅಕ್ಷರದ ಅಂತರದಲ್ಲಿ ಸೃಷ್ಟಿಯೂ ಲಯವೂ ಅಕ್ಕಪಕ್ಕ ನಿಂತುಬಿಡುತ್ತವೆ. ಕಣ್ಣು ಮಂಜಾದ ಅಜ್ಜಿಯೊಬ್ಬಳು ಯಾವುದನ್ನು ಒತ್ತಿಯಾಳು? ಇದನ್ನು ತೀರ್ಮಾನಿಸಲು ಬೇಕಾದವರು ಭಾಷೆಯನ್ನು ಬಲ್ಲವರು, ಅಧ್ಯಾಪಕರು, ಆ ಅಜ್ಜಿಯನ್ನು ಬಲ್ಲವರು. ಈ ಕೆಲಸ ಈಗ ನಡೆಯುತ್ತಿರುವುದು ಬೆರಳೆಣಿಕೆಯ ಜನರಿಂದ. ನಮ್ಮ ಸಮ್ಮೇಳನಗಳಲ್ಲಿ ವಾಣಿಜ್ಯ ಗೋಷ್ಠಿಯುಂಟು, ವಧೂವರರ ಭೇಟಿಯುಂಟು, ಹಳೆಯ ವಿದ್ಯಾರ್ಥಿಗಳ ಕೂಟಗಳುಂಟು, ಎಲ್ಲವೂ ಬೇಕಾದವೇ. ಹಗಲೆಲ್ಲ ಇದೇ ವೃತ್ತಿಯಲ್ಲಿರುವ ಇಷ್ಟು ಮಂದಿ ಒಂದೆಡೆ ಕೂಡಿದಾಗ ಒಂದು ಕೊಠಡಿ, ಹತ್ತು ಕುರ್ಚಿ, ಎರಡು ಗಂಟೆಯ ಕಾಲವನ್ನು ಇದಕ್ಕೆ ತೆಗೆದಿಡುವುದು ಕಾರ್ಯಕಾರಿ ಸಮಿತಿಗೆ ಭಾರವಾಗಲಾರದು.

ಸ್ಕೇಲ್‌ಗೆ ಹೋಗಬಯಸುವವರಿಗೊಂದು ಸೂಚನೆ. ಭಾಷಣಗಳಿಗೆ ಕರೆ ಬರುವುದು ಹಿಂದಿನ ವರ್ಷದ ಶರತ್ಕಾಲದಲ್ಲಿಯೇ. ಮಾರ್ಚ್ ಹತ್ತಿರವಾದಾಗ ಎಚ್ಚತ್ತರೆ ಪ್ರಯೋಜನವಿಲ್ಲ. ಲಾಭರಹಿತ ಯೋಜನೆಗಳ ಮೇಜುಗಳಿಗೂ ಮುಂಚೆಯೇ ಕೇಳಿಕೊಳ್ಳಬೇಕು. ಅಲ್ಲಿ ಕನ್ನಡದ ಮೇಜೊಂದು ಇದ್ದರೆ ಅದರ ಮೇಲೆ ಏನಿರಬೇಕೆಂದು ನಾನು ಯೋಚಿಸಿದ್ದೇನೆ. ಹಳೆಯ ಗಣಕವೊಂದು ಸಾಕು, ಪಕ್ಕದಲ್ಲಿ ಎರಡು ಕುರ್ಚಿ. ತೆರೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಎರಡೇ ಪದ, ಒಂದರ ಪಕ್ಕ ಒಂದು: ಸೂರ್ಯ, ರ‍್ಯಾಂಕ್. ಎರಡಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ನಿಂತು ಕೇಳಿದರೆ, ಕುರ್ಚಿ ಎಳೆದು ಕೂರಿಸುವುದು.